ಹೆಬ್ಬಾತು ಹೊರಡುವ ಹೊತ್ತು

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಎನ್ನುತ್ತ ಓಡಿಹೋಗುತ್ತದೆ ಎನ್ನುವುದು ನಮ್ಮಲ್ಲಿ ವಾಡಿಕೆಯ ಮಾತು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಅದೇ ದಿನಗಳಲ್ಲಿ ಇನ್ನೊಂದು ಹೊರಡುವ ಗಡಿಬಿಡಿ ಶುರುವಾಗುತ್ತದೆ. ನವೆಂಬರಿನಿಂದ ಅಲ್ಲಿ ಬೀಡುಬಿಟ್ಟಿದ್ದ ಪಟ್ಟೆತಲೆ ಹೆಬ್ಬಾತುಗಳು ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನೊಳಗೆ ಗುಂಪು ಗುಂಪಾಗಿ ಜಾಗ ಖಾಲಿ ಮಾಡುತ್ತವೆ. (ಕೆಂಪೇಗೌಡರ ಮಾಗಡಿಗೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರಿನಿಂದ ಹೊರಟವರು ತಪ್ಪು ದಾರಿ ಹಿಡಿಯಬಾರದೆಂದು ಹೇಳಿದ್ದು.) ಹೊರಟದ್ದೇಕೆ ಎಂದು ಕೇಳಿದರೆ ಬರುವ ಉತ್ತರ ಒಂದೇ: ಬಿಸಿಲು ಏರಿತು, ಹೊರಟವು. ಈ ಉತ್ತರದಲ್ಲಿ ಅರ್ಧ ಮಾತ್ರ ನಿಜ.

ಹಕ್ಕಿ ಹೋಗಬೇಕಾದ ಜಾಗ ನೆನಪಿಸಿಕೊಂಡರೆ ಸಾಕು, ಅನುಮಾನ ಹುಟ್ಟುತ್ತದೆ. ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಗದಗದಿಂದ ನಡು ಮಂಗೋಲಿಯಾದ ಸರೋವರಗಳಿಗೆ ನೇರ ಗೆರೆ ಎಳೆದರೂ 4,000 ಕಿ.ಮೀ. ದಾಟುತ್ತದೆ. ಮಾಗಡಿಯಲ್ಲಿ ಬಿಸಿಲು 34 ಡಿಗ್ರಿ ಮುಟ್ಟಿದ ದಿನ ಅಲ್ಲಿನ ಸರೋವರದ ಮೇಲೆ ಲಾರಿ ಓಡಿಸಬಹುದಾದಷ್ಟು ಮಂಜುಗಡ್ಡೆ ಇರುತ್ತದೆ. ಇಲ್ಲಿನ ಬಿಸಿಲು ಅಲ್ಲಿನ ಮಂಜಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೊರಡುವುದನ್ನು ಇಲ್ಲಿ ತೀರ್ಮಾನಿಸಬೇಕು, ಅದರ ಫಲಾಫಲ ತಿಳಿಯುವುದು ಎರಡು ತಿಂಗಳ ಮೇಲೆ, ಅಲ್ಲಿ. ಚಳಿಗಾಲದ ಕೊನೆಯ ಹವೆ ಈ ಹಕ್ಕಿಗೆ ಯಾಕೆ ಇಷ್ಟು ತೊಡಕಿನ ವಿಷಯ ಎನ್ನುವುದಕ್ಕೆ ಕಾರಣ ಇದೇ.

ಯುರೋಪು, ಅಮೆರಿಕದ ಹೆಬ್ಬಾತುಗಳ ಪಾಡು ಇದಕ್ಕಿಂತ ಸಲೀಸು. ಕೆನಡಾ ಹೆಬ್ಬಾತುಗಳ ವಸಂತದ ಮುನ್ನಡೆ ಸರಾಸರಿ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಗೆರೆಯ ಬೆನ್ನಿಗೇ ಸಾಗುತ್ತದೆ ಎಂದು ಅಮೆರಿಕದಲ್ಲಿ ಬಹಳ ಹಿಂದೆಯೇ ನಕ್ಷೆ ಬರೆದಿಟ್ಟಿದ್ದಾರೆ. ಹಿಮ ಕರಗಿದಷ್ಟು ಮುಂದೆ, ಮತ್ತೆ ಹಿಮ ಬಿದ್ದರೆ ನೂರಿನ್ನೂರು ಕಿ.ಮೀ. ಹಿಂದೆ. ನೆದರ್ಲೆಂಡ್ಸಿನ ಹೈನುಗಾರರ ಬಳಿ ಇನ್ನೂ ಸರಳವಾದ ಲೆಕ್ಕವಿದೆ. ಜನವರಿ 1ರಿಂದ ಪ್ರತಿದಿನದ ಸರಾಸರಿ ಉಷ್ಣತೆಯನ್ನು, ಸೊನ್ನೆಗಿಂತ ಕೆಳಗಿನದನ್ನು ಬಿಟ್ಟು, ಕೂಡುತ್ತ ಹೋಗುತ್ತಾರೆ. ಮೊತ್ತ 180ರ ಆಸುಪಾಸು ಬಂದರೆ ಹುಲ್ಲು ಚಿಗುರುವ ಹೊತ್ತು, ಮೊದಲ ಸಾರಜನಕ ಗೊಬ್ಬರ ಹಾಕಬಹುದು. ಅಲ್ಲಿ ಚಳಿಗಾಲ ಕಳೆಯುವ ಹೆಬ್ಬಾತುಗಳೂ ಇದೇ ಚಿಗುರಿನ ಅಲೆಯ ಮೇಲೆ ಉತ್ತರಕ್ಕೆ ಸಾಗುತ್ತವೆ. ಇದೇ ಲೆಕ್ಕವನ್ನು ಗದಗಕ್ಕೆ ಹಾಕಿದರೆ ಜನವರಿ 8ಕ್ಕೇ 180 ತುಂಬಿರುತ್ತದೆ! ನಮ್ಮ ನಾಡಿನ ಉಷ್ಣತೆಯಲ್ಲಿ ಹೆಬ್ಬಾತಿಗೆ ಓದಿಕೊಳ್ಳಲು ಅಂಥದ್ದೇನೂ ಬರೆದಿಲ್ಲ.

ಹಾಗಾದರೆ ಗಂಟೆ ಬಾರಿಸುವುದು ಯಾವುದು? ಮುಖ್ಯವಾಗಿ ಹಗಲಿನ ಉದ್ದ. ಗದಗದ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲಿಗೂ ಫೆಬ್ರುವರಿ ಕೊನೆಯ ಹಗಲಿಗೂ ಇರುವ ಅಂತರ ಬರೀ 35–40 ನಿಮಿಷ. ಆದರೂ ಹಕ್ಕಿಯ ಒಳಗಿನ ವಾರ್ಷಿಕ ಗಡಿಯಾರವನ್ನು ಸರಿಹೊಂದಿಸಲು ಅಷ್ಟು ಸಾಕು. ಹಸಿವು ಹೆಚ್ಚುತ್ತದೆ, ತಿಂದದ್ದು ಕೊಬ್ಬಾಗಿ ಕೂಡುತ್ತದೆ, ಸಂಜೆಯಾಯಿತೆಂದರೆ ಚಡಪಡಿಕೆ. ಗಡಿಯಾರ ತೋರಿಸುವುದು ‘ಈ ಮೂರು ವಾರದೊಳಗೆ’ ಎಂಬುದನ್ನು ಮಾತ್ರ. ಆ ಮೂರು ವಾರದಲ್ಲಿ ಯಾವ ರಾತ್ರಿ ಎಂಬುದನ್ನು ಹವೆ ಗೊತ್ತುಮಾಡುತ್ತದೆ. ಹವೆಯ ಕೆಲಸ ನಡೆಯುವುದು ಥರ್ಮಾಮೀಟರಿನಲ್ಲಿ ಕಡಿಮೆ. ಕೆರೆಯ ನೀರಿನಲ್ಲಿ, ಹೊಲದ ಕೂಳೆಯಲ್ಲಿ, ಮೇಲಿನ ಗಾಳಿಯಲ್ಲಿ ಹೆಚ್ಚು.

ಮೊದಲು ನೀರು. ಬಯಲುಸೀಮೆಯ ಕೆರೆಯಲ್ಲಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ದಿನಕ್ಕೆ ಸುಮಾರು 6ರಿಂದ 8 ಮಿ.ಮೀ. ನೀರು ಆವಿಯಾಗುತ್ತದೆ. ತಿಂಗಳಿಗೆ 20 ಸೆಂ.ಮೀ. ಹಿಡಿಯಿರಿ, ಪಂಪ್‌ಸೆಟ್ಟು ಎಳೆದದ್ದು ಬೇರೆ. ಇಪ್ಪತ್ತು ಸೆಂ.ಮೀ. ಏನು ಮಹಾ ಎನ್ನಬೇಡಿ. ಮಾಗಡಿ ಕೆರೆ ಸುಮಾರು 50 ಹೆಕ್ಟೇರಿನದು, ಮಳೆನೀರು ಹಿಡಿದಿಡಲು ಮನುಷ್ಯರೇ ಕಟ್ಟಿದ್ದು. ಇಂಥ ಕೆರೆಗಳ ಅಂಗಳ ತಟ್ಟೆಯ ಹಾಗೆ ಚಪ್ಪಟೆ. ಇನ್ನೂರು ಅಡಿಗೆ ಒಂದು ಅಡಿ ಇಳಿಜಾರು ಇರುವಲ್ಲಿ 20 ಸೆಂ.ಮೀ. ನೀರು ತಗ್ಗಿದರೆ ದಡ 40 ಮೀಟರ್ ಹಿಂದೆ ಸರಿಯುತ್ತದೆ. ಮೊದಮೊದಲು ಇದು ಹೆಬ್ಬಾತಿಗೆ ಅನುಕೂಲವೇ: ನಿಂತು ಮೈ ಕೊಡವಿಕೊಳ್ಳಲು ಕೆಸರಿನ ದಿಬ್ಬ, ಅಂಚಿನಲ್ಲಿ ಎಳೆ ಹುಲ್ಲು. ಆಮೇಲೆ ನೀರು ನಾಯಿಯ ಹೊಟ್ಟೆಯ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಕೆರೆ ಆಸರೆಯಲ್ಲ. ನಾಯಿ ನಡೆದು ಬರಬಹುದಾದ ನೀರಿನಲ್ಲಿ ಹೆಬ್ಬಾತು ಹಗಲಿಡೀ ತಲೆ ಎತ್ತಿಯೇ ಕೂರಬೇಕು. ಪ್ರತಿ ಸಲ ಎದ್ದು ಒಂದು ಸುತ್ತು ಹಾಕಿ ಕೂತಾಗಲೂ ವಾರವಿಡೀ ಕೂಡಿಟ್ಟ ಕೊಬ್ಬಿನಲ್ಲಿ ಒಂದು ಚೂರು ಹೋಗುತ್ತದೆ.

ನೀರು ಕುಗ್ಗಿದಾಗ ಹಕ್ಕಿಗಳು ಒತ್ತೊತ್ತಾಗುತ್ತವೆ. ಸುತ್ತಲಿನ ಸಣ್ಣ ಕೆರೆ ಬತ್ತಿ ಅಲ್ಲಿನವೂ ಇಲ್ಲಿಗೇ ಬರುತ್ತವೆ, ಹಿಕ್ಕೆಯೆಲ್ಲ ಅದೇ ನೀರಿಗೆ. ಅಮೆರಿಕದ ನೆಬ್ರಾಸ್ಕದ ತಗ್ಗು ಕೊಳಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಅಲ್ಲಿ ಚಳಿ ತಡವಾಗಿ ಹೋದರೆ ತೆರೆದ ನೀರು ಕೆಲವೇ ಕೊಳಗಳಲ್ಲಿ ಉಳಿದು, ಒತ್ತೊತ್ತಾಗಿ ಕೂತ ‘ಹಿಮ ಹೆಬ್ಬಾತು’ (ಸ್ನೋ ಗೂಸ್) ಗುಂಪುಗಳಲ್ಲಿ ಹಕ್ಕಿಗಳ ಕಾಲರಾ ಹಬ್ಬುತ್ತದೆ. ಒಂದೆಡೆ ಬಿಸಿಲು, ಇನ್ನೊಂದೆಡೆ ಚಳಿ. ಕಾಯಿಲೆಗೆ ಎರಡೂ ಒಂದೇ. ಪಟ್ಟೆತಲೆ ಹೆಬ್ಬಾತಿನ ವಿಷಯದಲ್ಲಿ ಇದು ಬರೀ ಊಹೆಯ ಭಯವಲ್ಲ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ಹಕ್ಕಿಜ್ವರಕ್ಕೆ ಸಾವಿರಾರು ಹಕ್ಕಿಗಳು ಸತ್ತಾಗ ಅದರಲ್ಲಿ ಇವುಗಳದೇ ದೊಡ್ಡ ಪಾಲು.

ಇನ್ನು ಮೇವು. ಈ ಹೆಬ್ಬಾತು ಮೀನು ತಿನ್ನುವುದಿಲ್ಲ. ಕೆರೆ ಅದಕ್ಕೆ ಮಲಗುವ ಮನೆ, ಊಟದ ಮನೆ ಹೊಲ. ಹಗಲು ನೀರಿನಲ್ಲಿ ಗುಂಪಾಗಿ ಕೂತು, ಹೊತ್ತು ಮುಳುಗಿದ ಮೇಲೆ ಹೊಲಕ್ಕಿಳಿದು, ಬೆಳಗಾಗುವಷ್ಟರಲ್ಲಿ ಹಿಂತಿರುಗುವುದು ಇದರ ರೂಢಿ. ಎರೆ ಹೊಲದಲ್ಲಿ ಹಿಂಗಾರಿ ಕಡಲೆ ಕೊಯ್ಲು ಮುಗಿದು, ಕಣಕ್ಕೆ ಸಾಗಿಸುವಾಗ ಉದುರಿದ ಕಾಳು, ಶೇಂಗಾ ಕಿತ್ತ ನೆಲದಲ್ಲಿ ಉಳಿದ ಕಾಯಿ, ಬದುವಿನ ಹಸಿ ಹುಲ್ಲು: ಹೊರಡುವ ಮುಂಚಿನ ಕೊಬ್ಬು ಕೂಡುವುದು ಇದರಿಂದ. ಹಿಟ್ಟಿನ ಅಂಶದ ಒಂದು ಗ್ರಾಂ 4 ಕಿಲೊಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಮೇಲಾಗಿ ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು ಒಂದು ಗ್ರಾಂ ನೀರೂ ಮೈಯೊಳಗೇ ಹುಟ್ಟುತ್ತದೆ, ದೂರದ ಹಾರಾಟಕ್ಕೆ ಅದೂ ಬೇಕು. ಫೆಬ್ರುವರಿ ಬಿಸಿಲು ಮುಂಚೆ ಏರಿದ ವರ್ಷ ಕಡಲೆ ಬೇಗ ಒಣಗುತ್ತದೆ, ಕೊಯ್ಲು ಬೇಗ ಮುಗಿಯುತ್ತದೆ, ಉದುರು ಕಾಳು ಇಲಿ, ಗಿಳಿ, ಪಾರಿವಾಳಗಳ ಪಾಲಾಗುತ್ತದೆ, ಹೊಲವನ್ನು ಮಾಗಿ ಉಳುಮೆಗೆ ಮಗುಚುತ್ತಾರೆ. ಹೆಬ್ಬಾತಿಗೆ ತೀರಾ ಹೊಟ್ಟೆ ಹಸಿದಿರುವ ಹೊತ್ತಿಗೇ ಹೊಲ ಬರಿದು. ಕಳೆದ ಕೆಲವು ವರ್ಷ ಇದು ಅಪರೂಪವೂ ಅಲ್ಲ: 1901ರಿಂದ ಈಚೆಗಿನ ದಾಖಲೆಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ ಫೆಬ್ರುವರಿ ತಿಂಗಳ ಮಟ್ಟಿಗೆ 2023ರಲ್ಲಿ ಹೊಸ ಎತ್ತರ ಮುಟ್ಟಿತು, 2025ರ ಫೆಬ್ರುವರಿ ಒಟ್ಟು ಸರಾಸರಿಯಲ್ಲಿ ಅತಿ ಬಿಸಿಯದಾಯಿತು.

ಹಕ್ಕಿ ಹಿಡಿಯದೆ, ತೂಗದೆ ಅದರ ಕೊಬ್ಬು ಅಳೆಯುವ ದಾರಿಯೊಂದಿದೆ: ಹೊಟ್ಟೆಯ ಗೆರೆ ನೋಡುವುದು. ಸಮ ನೆಲದ ಮೇಲೆ ಅಡ್ಡಲಾಗಿ ನಿಂತ ಹಕ್ಕಿಯನ್ನು ದೂರದರ್ಶಕದಲ್ಲಿ ಹಿಡಿಯಿರಿ. ಕಾಲಿನ ಹಿಂದಿನಿಂದ ಬಾಲದ ಬುಡದವರೆಗಿನ ಗೆರೆ ಒಳಗೆ ಬಾಗಿದ್ದರೆ 1, ನೇರವಿದ್ದರೆ 2, ಹೊರಗೆ ಉಬ್ಬಿದ್ದರೆ 3, ಚೀಲದ ಹಾಗೆ ಜೋತಿದ್ದರೆ 4. ಒಂದು ಗುಂಪಿನಲ್ಲಿ ಕನಿಷ್ಠ 30 ಹಕ್ಕಿಗಾದರೂ ಅಂಕ ಹಾಕಿ ಸರಾಸರಿ ತೆಗೆಯಬೇಕು. ಇಲ್ಲಿ ಆಗುವ ತಪ್ಪುಗಳು ಗೊತ್ತಿರುವವೇ. ಕತ್ತೆತ್ತಿ ಎಚ್ಚರದಿಂದ ನಿಂತ ಹಕ್ಕಿಯ ಹೊಟ್ಟೆ ಇದ್ದ ಹಾಗೆ ಕಾಣುವುದಿಲ್ಲ. ಗಾಳಿಗೆ ಗರಿ ಕೆದರಿದ್ದರೆ ಒಂದು ಅಂಕ ಪುಕ್ಕಟೆ ಸಿಗುತ್ತದೆ. ಹೊಲದಿಂದ ಆಗತಾನೇ ಬಂದ ಹಕ್ಕಿಯ ಹೊಟ್ಟೆಯಲ್ಲಿರುವುದು ಕೊಬ್ಬಲ್ಲ, ಕಡಲೆ. ಹಾಗಾಗಿ ಬೆಳಗಿನ ಅಂಕವನ್ನು ಸಂಜೆಯ ಅಂಕಕ್ಕೆ ಹೋಲಿಸಬಾರದು. ಯಾವತ್ತೂ ಮಧ್ಯಾಹ್ನ ಮೂರರ ಮೇಲೆ ಎಂದು ಗೊತ್ತುಮಾಡಿಕೊಂಡರೆ ಒಳ್ಳೆಯದು. ಫೆಬ್ರುವರಿ ಮೊದಲ ವಾರದಿಂದ ಸರಾಸರಿ ಏರುತ್ತಾ ಹೋಗಬೇಕು. ಏರದೆ ನಿಂತರೆ ಮೇವಿನಲ್ಲೋ ನೆಮ್ಮದಿಯಲ್ಲೋ ಏನೋ ಕೊರತೆ ಇದೆ.

ಹೊರಡುವ ಸಂಜೆಯ ಸೂಚನೆಗಳು ಹೊಲಕ್ಕೆ ಹೋಗುವ ಸಂಜೆಯದಕ್ಕಿಂತ ಬೇರೆ. ದಿನನಿತ್ಯದ ಹಾರಾಟಕ್ಕೆ ಒಂದೆರಡು ಹಕ್ಕಿ ತಲೆ ಕೊಡವಿ, ನಾಲ್ಕು ಸಲ ಕೂಗಿ, ತಗ್ಗಿನಲ್ಲೇ ಹಾರಿಬಿಡುತ್ತವೆ. ಹೊರಡುವ ದಿನ ಈ ತಲೆ ಕೊಡವುವುದು ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಗುಂಪು ನೀರಿನ ನಡುವಿಗೆ ಸರಿದು ಎಲ್ಲ ಕೊಕ್ಕು ಗಾಳಿ ಬರುವ ಕಡೆಗೆ ತಿರುಗುತ್ತದೆ. ಬಿಳಿ ತಲೆಯ ಹಿಂದೆ, ವಿಭೂತಿಯನ್ನು ಮಸಿಯಲ್ಲಿ ಎಳೆದ ಹಾಗಿರುವ ಆ ಎರಡು ಕಪ್ಪು ಪಟ್ಟೆಗಳು ಸಾಲಾಗಿ ಒಂದೇ ಲಯದಲ್ಲಿ ಏರಿ ಇಳಿಯುತ್ತವೆ. ಕುಟುಂಬಗಳು ಒಂದರ ಪಕ್ಕ ಒಂದು ಕೂಡಿಕೊಳ್ಳುತ್ತವೆ. ಕಳೆದ ಬೇಸಿಗೆಯ ಮರಿಗಳು ತಂದೆ–ತಾಯಿಯ ಜೊತೆಯೇ ಇರುತ್ತವೆ, ತಲೆಯ ಪಟ್ಟೆ ಇನ್ನೂ ಸರಿಯಾಗಿ ಮೂಡಿರದ್ದರಿಂದ ಅವನ್ನು ಗುರುತಿಸಬಹುದು. ಎದ್ದ ಗುಂಪು ಕೆರೆಯ ಮೇಲೆ ಎರಡು ಮೂರು ಸುತ್ತು ಹೊಡೆದು, ಪ್ರತಿ ಸುತ್ತಿಗೂ ಮೇಲೇರಿ, ಹೊಲದ ಕಡೆ ತಿರುಗದೆ ಉತ್ತರಕ್ಕೆ ಮುಖ ಮಾಡಿತೆಂದರೆ ಬೆಳಿಗ್ಗೆ ಎಣಿಕೆ ಕಡಿಮೆಯಾಗಿರುತ್ತದೆ.

ಆ ಸಂಜೆ ಮೇಲಿನ ಗಾಳಿ ಹೇಗಿತ್ತು ಎನ್ನುವುದು ನಿಜವಾಗಿ ಕೇಳಬೇಕಾದ ಪ್ರಶ್ನೆ. ಹೆಬ್ಬಾತಿನ ಸ್ವಂತ ವೇಗ ಗಂಟೆಗೆ 65 ಕಿ.ಮೀ. ಎಂದಿಟ್ಟುಕೊಳ್ಳಿ. ಒಂದು ರಾತ್ರಿಗೆ 600 ಕಿ.ಮೀ. ಹೋಗಬೇಕು. ಗಾಳಿ ಇಲ್ಲದಿದ್ದರೆ ಒಂಬತ್ತೂಕಾಲು ಗಂಟೆ. ಬೆನ್ನಿಗೆ 25 ಕಿ.ಮೀ. ಗಾಳಿ ಇದ್ದರೆ ಆರೂಮುಕ್ಕಾಲು ಗಂಟೆಗೂ ಕಡಿಮೆ. ಅದೇ ಗಾಳಿ ಎದುರಾದರೆ 15 ಗಂಟೆ, ಅಂದರೆ ರಾತ್ರಿಯೇ ಸಾಲದು. ಹಾರುವ ಶ್ರಮ ಗಂಟೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಆದ್ದರಿಂದ, ಬೆನ್ನುಗಾಳಿಗೂ ಎದುರುಗಾಳಿಗೂ ನಡುವೆ ಕೊಬ್ಬಿನ ಖರ್ಚು ಎರಡು ಪಟ್ಟಿಗಿಂತ ಹೆಚ್ಚು ಏರುತ್ತದೆ. ನಮ್ಮಲ್ಲಿ ಚಳಿಗಾಲದ ರೂಢಿಯ ಗಾಳಿ ಮೂಡಣ–ಈಶಾನ್ಯದ್ದು, ಈಶಾನ್ಯಕ್ಕೆ ಹೊರಟವರಿಗೆ ನೇರ ಎದುರು. ಫೆಬ್ರುವರಿ ಕೊನೆಯಿಂದ ಈ ಗಾಳಿ ಸಡಿಲಗೊಂಡು ಆಗೀಗ ತೆಂಕಣಕ್ಕೆ ತಿರುಗುತ್ತದೆ. ಅಂಥ ರಾತ್ರಿಗಳಿಗೇ ಹಕ್ಕಿ ಕಾಯುವುದು. ನೆಲಮಟ್ಟದ ಗಾಳಿ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಸಂಜೆಯಾದ ಮೇಲೆ ನೆಲದ ಹತ್ತಿರ ಎಲೆ ಅಲುಗದಿದ್ದರೂ ಮೇಲೆ ಗಾಳಿ ಜೋರಿರಬಹುದು. ಗಾಳಿಯ ನಕ್ಷೆ ತೋರಿಸುವ ಆ್ಯಪ್‌ಗಳಲ್ಲಿ 850 ಹೆಕ್ಟೊಪಾಸ್ಕಲ್ ಮಟ್ಟವನ್ನು, ಅಂದರೆ ಸುಮಾರು 1,500 ಮೀಟರ್ ಎತ್ತರವನ್ನು, ಆರಿಸಿಕೊಂಡು ರಾತ್ರಿ ಎಂಟರ ಸ್ಥಿತಿ ನೋಡಬೇಕು.

ರಾತ್ರಿಯೇ ಯಾಕೆ ಎನ್ನುವುದಕ್ಕೂ ಬಿಸಿಲೇ ಕಾರಣ. ರೆಕ್ಕೆ ಬಡಿಯುವ ಸ್ನಾಯು ಉರಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಹೋಗುತ್ತದೆ. ಹಕ್ಕಿಗೆ ಬೆವರಿಲ್ಲ, ಉಸಿರು, ಕೊಕ್ಕು, ಕಾಲುಗಳಿಂದ ಆ ಶಾಖ ಕಳೆಯಬೇಕು. ಸುತ್ತಲಿನ ಗಾಳಿಯೇ 33 ಡಿಗ್ರಿ ಇದ್ದರೆ ಉಳಿಯುವ ದಾರಿ ನೀರು ಆವಿ ಮಾಡುವುದೊಂದೇ. ಜೊತೆಗೆ ಬಿಸಿ ಗಾಳಿ ತೆಳು: ಉಷ್ಣತೆ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ, ಅಷ್ಟರಮಟ್ಟಿಗೆ ರೆಕ್ಕೆಗೆ ಹಿಡಿತ ಕಡಿಮೆ. ನಸುಕಿನ 18 ಡಿಗ್ರಿಗೂ ಮಧ್ಯಾಹ್ನದ 33ಕ್ಕೂ ಇರುವ ವ್ಯತ್ಯಾಸ ಹೊರಡುವ ಹಕ್ಕಿಗೆ ಒಂದಿಷ್ಟು ಕೊಬ್ಬಿನ ವ್ಯತ್ಯಾಸವೇ. ಹೀಗಾಗಿ ರಾತ್ರಿಯೂ ತಂಪಾಗದ ಫೆಬ್ರುವರಿ ಹೆಬ್ಬಾತನ್ನು ಬೇಗ ಓಡಿಸುತ್ತದೆ ಎನ್ನುವುದಕ್ಕಿಂತ, ಅದರ ಪ್ರಯಾಣವನ್ನು ದುಬಾರಿ ಮಾಡುತ್ತದೆ ಎನ್ನುವುದು ಸರಿ.

ಮುಂದಿನ ತಡೆ ಗಂಗಾ ಬಯಲಿನ ಆಚೆ. ಅಲ್ಲಿಯವರೆಗೆ ಕೆರೆ, ಹಿನ್ನೀರು, ನದಿಯ ಮರಳದಿಬ್ಬ ಎಲ್ಲಾದರೂ ಇಳಿಯಬಹುದು. ಹಿಮಾಲಯದ ಬುಡದಲ್ಲಿ ಮಾತ್ರ ನಿಂತು ಕಾಯಲೇಬೇಕಾದ ದಿನಗಳು ಬರುತ್ತವೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಪ್ರಕ್ಷುಬ್ಧತೆಗಳು ಮಾರ್ಚ್‌ನಲ್ಲೂ ನಿಂತಿರುವುದಿಲ್ಲ. ಒಂದೊಂದು ಬಂದಾಗಲೂ ಎರಡು ಮೂರು ದಿನ ಮೋಡ, ಹಿಮ, ಕಣಿವೆಗಳಲ್ಲಿ ಅಡ್ಡಗಾಳಿ. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣ ಅಂಚಿನ ನೆತ್ತಿಯ ಮೇಲೆ ಹರಿಯುವ ಪಡುವಣದ ಜೆಟ್ ಗಾಳಿ (ಬಲು ಎತ್ತರದಲ್ಲಿ ಬಿರುಸಾಗಿ ಹರಿಯುವ ಗಾಳಿಯ ಪಟ್ಟಿ) ಟಿಬೆಟ್ಟಿನ ಉತ್ತರಕ್ಕೆ ಸರಿಯುವುದು ಮುಂಗಾರಿನ ಹೊಸ್ತಿಲಿನಲ್ಲಿ. ಹೆಬ್ಬಾತು ಅಷ್ಟು ಕಾಲ ಕಾಯಲಾರದು. ಅದಕ್ಕೇ ಅದು ಎತ್ತರಕ್ಕೆ ಏರುವ ಬದಲು ತಗ್ಗನ್ನು ಹುಡುಕುತ್ತದೆ.

ಎವರೆಸ್ಟಿನ ಮೇಲೆ ಹಾರುವ ಹಕ್ಕಿ ಎಂಬ ಕಥೆಯನ್ನು ಇಲ್ಲಿ ಸ್ವಲ್ಪ ಬದಿಗಿಡುವುದು ಒಳ್ಳೆಯದು. ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ಸಿಕ್ಕ ಅತಿ ಎತ್ತರ 7,290 ಮೀಟರ್. ಬಹುಪಾಲು ಹಾರಾಟ 5,500 ಮೀಟರಿಗಿಂತ ಕೆಳಗೆ, ಕಣಿವೆ, ಕಣಿವೆಮಾರ್ಗ ಹಿಡಿದು, ನೆಲದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿದು. 5,500 ಮೀಟರೂ ಕಡಿಮೆಯೇನಲ್ಲ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಈ ಹಕ್ಕಿಯ ಹಿಮೊಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುವುದರಿಂದ ಅದು ಸಾಧ್ಯ. ದಕ್ಷಿಣದ ಏರನ್ನು ಅವು ಏಳೆಂಟು ಗಂಟೆಗಳಲ್ಲಿ ಒಂದೇ ದಮ್ಮಿಗೆ ಏರಿಬಿಡುತ್ತವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆರಗಾಗಿಸುವುದು ಏರುವ ಹೊತ್ತು. ಹಗಲಿನಲ್ಲಿ ಬಿಸಿಲಿಗೆ ಕಾದ ಕಣಿವೆಗಳಲ್ಲಿ ಗಾಳಿ ಮೇಲ್ಮುಖವಾಗಿ ಬೀಸುತ್ತದೆ. ಯಾರಾದರೂ ಅದನ್ನೇ ಬಳಸಿಕೊಳ್ಳುತ್ತಾರೆ ಎನಿಸುತ್ತದೆ. ಹೆಬ್ಬಾತು ಆ ಬಿಟ್ಟಿ ಸವಾರಿ ಬಿಟ್ಟು ರಾತ್ರಿಯಲ್ಲಿ, ಮುಂಜಾವದಲ್ಲಿ ಏರುತ್ತದೆ. ತಂಪು ಗಾಳಿ ದಟ್ಟ, ಶಾಂತ, ಎತ್ತಿಹಾಕುವ ಸುಳಿಗಳಿಲ್ಲ. ಸುಲಭಕ್ಕಿಂತ ಖಾತ್ರಿ ಮುಖ್ಯ ಎಂಬ ವ್ಯಾಪಾರ. ಪಶ್ಚಿಮದ ಪ್ರಕ್ಷುಬ್ಧತೆ ದಾಟಿಹೋದ ಮರುದಿನ ಸ್ವಚ್ಛ, ತಣ್ಣನೆಯ ರಾತ್ರಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ.

ಗೋಡೆ ದಾಟಿದ ಮೇಲೆ ಟಿಬೆಟ್ಟಿನ ಯಾರ್ಲುಂಗ್ ಸಾಂಗ್‌ಪೋ, ಲ್ಹಾಸಾ ನದಿಯ ಕಣಿವೆಗಳಲ್ಲಿ ಹರಿಯುವ ನೀರು, ಬಾರ್ಲಿ ಹೊಲದ ಕೂಳೆ ಇದೆ. ಅಲ್ಲಿಯೇ ಚಳಿಗಾಲ ಕಳೆಯುವ ಇದೇ ಜಾತಿಯ ಹಕ್ಕಿಗಳೂ ಹತ್ತಾರು ಸಾವಿರ. ಅಲ್ಲಿಂದ ಮುಂದೆ ಮಾತ್ರ ನಮ್ಮ ಹೆಬ್ಬಾತು ಯುರೋಪಿನ ಹೆಬ್ಬಾತಿನ ಹಾಗೆ ಹಿಮದ ಅಂಚು ನೋಡಿಕೊಂಡು ಸಾಗಬಹುದು. ಕೂಡಿಟ್ಟ ಕೊಬ್ಬೆಲ್ಲ ಏರಿನಲ್ಲಿ ಕರಗಿದ್ದರೆ ತುಂಬಿಕೊಳ್ಳುವ ಕೊನೆಯ ಜಾಗವೂ ಇದೇ ಪ್ರಸ್ಥಭೂಮಿ. ಇಲ್ಲಿ ಬಾಧಿಸುವುದು ದಪ್ಪ ಹಿಮಕ್ಕಿಂತ ಹೆಚ್ಚಾಗಿ ಕರಗಿ ಮತ್ತೆ ಹೆಪ್ಪುಗಟ್ಟಿದ ತೆಳು ಪದರ. ಹಗಲು ತುಸು ಕರಗಿ ರಾತ್ರಿ ಗಾಜಿನಂತಾದ ಹಿಮದ ಕೆಳಗೆ ಬೆರಳುದ್ದದ ಚಿಗುರು ಕಾಣುತ್ತಿದ್ದರೂ ಕೊಕ್ಕಿಗೆ ಸಿಗದು.

ಚಿಂಗ್‌ಹಾಯ್‌ನಂಥ ಸರೋವರದ ಮಂಜು ಒಡೆಯುವುದು ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ, ಮಂಗೋಲಿಯಾದ ಹಲವೆಡೆ ಮೇ ತಿಂಗಳಿನಲ್ಲಿ. ಗೂಡು ಹೆಚ್ಚಾಗಿ ನಡುಗಡ್ಡೆಗಳಲ್ಲಿ. ಮಂಗೋಲಿಯಾದಲ್ಲಿ ಬಂಡೆಯ ಚಾಚುಗಳಲ್ಲೂ ಕಟ್ಟುತ್ತವೆ. ನಡುಗಡ್ಡೆ ಸುರಕ್ಷಿತ ಎನ್ನುವುದು ಸುತ್ತ ನೀರಿದ್ದರೆ ಮಾತ್ರ. ಮಂಜುಗಡ್ಡೆ ಇದ್ದಷ್ಟು ದಿನ ಅದು ನರಿ, ನಾಯಿಗಳಿಗೆ ಸೇತುವೆ. ಲಡಾಖಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಬೀದಿನಾಯಿ ದೊಡ್ಡ ಪಿಡುಗಾಗಿರುವುದನ್ನು ನೆನೆದರೆ ಈ ಸೇತುವೆಯ ಅರ್ಥ ತಿಳಿಯುತ್ತದೆ. ಬೇಗ ಬಂದವು ಮಂಜು ಒಡೆಯುವವರೆಗೆ ಕೊಬ್ಬು ಕರಗಿಸುತ್ತ ಕೂರಬೇಕು. ತಡವಾದರೆ ಇನ್ನೊಂದು ಲೆಕ್ಕ ಕೈಕೊಡುತ್ತದೆ. ಐದು ಮೊಟ್ಟೆ ಇಡಲು ಒಂದು ವಾರ, ಕಾವು 28 ದಿನ, ಮರಿ ಹಾರಲು 53 ದಿನ: ಹತ್ತಿರ ಹತ್ತಿರ 90 ದಿನ. ಮೇ 10ಕ್ಕೆ ಶುರುವಾದರೆ ಆಗಸ್ಟ್ ಮೊದಲ ವಾರ ಮುಗಿಯುತ್ತದೆ. ಹದಿನೈದು ದಿನ ತಡವಾದರೆ ಸೆಪ್ಟೆಂಬರಿನ ಚಳಿ ತಲೆಯ ಮೇಲೆ, ಅಷ್ಟರಲ್ಲಿ ಮರಿಗೆ ಹಿಮಾಲಯ ದಾಟುವ ರೆಕ್ಕೆ ಬಲಿಯಬೇಕು.

ದಾರಿಯಲ್ಲಿ ಓಡಿಬಿಟ್ಟರೆ ತಡ ತುಂಬಿಕೊಳ್ಳಬಹುದಲ್ಲ ಎಂದರೆ, ಅದಕ್ಕೆ ಉತ್ತರ ಆರ್ಕ್ಟಿಕ್‌ನಿಂದ ಬಂದಿದೆ. ರಷ್ಯಾದ ಉತ್ತರ ತೀರಕ್ಕೆ ಹೋಗುವ ಬಾರ್ನಕಲ್ ಹೆಬ್ಬಾತುಗಳು ಅಲ್ಲಿ ಹಿಮ ಬೇಗ ಕರಗಿದ ವರ್ಷ ನಡುವಿನ ತಂಗುದಾಣಗಳನ್ನು ಬಿಟ್ಟು ಧಾವಿಸಿದವು, ಬೇಗ ತಲುಪಿದವು ಕೂಡ. ಆದರೆ ಮೈಯಲ್ಲಿ ಕೊಬ್ಬಿರಲಿಲ್ಲ. ಅಲ್ಲೇ ಮೇಯ್ದು ತುಂಬಿಕೊಂಡ ಮೇಲೆಯೇ ಮೊಟ್ಟೆ, ಓಡಿ ಗಳಿಸಿದ ದಿನಗಳು ಹೋದವು. ಹೊರಡುವ ಜಾಗದ ಹೊಲ ಎಷ್ಟು ಕೊಟ್ಟಿತು ಎನ್ನುವುದು ಕೊನೆಯ ಸರೋವರದವರೆಗೆ ಬೆನ್ನು ಹತ್ತುವುದು ಹೀಗೆ.

ಮಾಗಡಿಯಾಗಲಿ, ನಂಜನಗೂಡು ಕಡೆಯ ‘ಹದಿನಾರು’ ಎಂಬ ಊರಿನ ಕೆರೆಯಾಗಲಿ, ಈ ಹೊರಡುವಿಕೆಯನ್ನು ದಾಖಲಿಸುವವರು ಮಾಡುವ ದೊಡ್ಡ ತಪ್ಪು ‘ಕೊನೆಯ ಹಕ್ಕಿ ಕಂಡ ದಿನ’ವನ್ನು ಹಿಡಿಯುವುದು. ಅದು ಹಕ್ಕಿಗಿಂತ ನೋಡುವವರ ರಜೆಯ ದಿನಗಳನ್ನು ಹೆಚ್ಚು ಹೇಳುತ್ತದೆ. ಫೆಬ್ರುವರಿ 15ರಿಂದ ಮೂರು ದಿನಕ್ಕೊಮ್ಮೆ, ಹಕ್ಕಿಗಳು ಹೊಲದಿಂದ ಮರಳಿ ನೆಮ್ಮದಿಯಾಗಿ ಕೂತ ಮೇಲೆ, ಒಂದೇ ಜಾಗದಿಂದ ಎಣಿಸಿ. ಆ ವರ್ಷದ ಅತಿ ಹೆಚ್ಚಿನ ಎಣಿಕೆಯ ಅರ್ಧಕ್ಕೆ ಸಂಖ್ಯೆ ಇಳಿದ ದಿನವೇ ಹೊರಟ ದಿನ. ಪಕ್ಕದಲ್ಲಿ ಮೂರು ಸಂಗತಿ ಬರೆದಿಡಿ: ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ, ಸುತ್ತಲಿನ ಹೊಲದಲ್ಲಿ ಯಾವ ಕೊಯ್ಲು ನಡೆಯುತ್ತಿದೆ, 1,500 ಮೀಟರಿನ ಗಾಳಿಯ ದಿಕ್ಕು. ನಡುವೆ ಎಣಿಕೆ ಏಕಾಏಕಿ ಏರಿದರೆ ತಪ್ಪು ಎಣಿಸಿದೆವೆಂದು ಹೊಡೆದುಹಾಕಬೇಡಿ. ತೆಂಕಣದ ಕೆರೆಗಳಿಂದ ಹೊರಟವು ಒಂದು ರಾತ್ರಿ ತಂಗಿರಬಹುದು. ಆಲಿಕಲ್ಲು ಮಳೆ ಬಿದ್ದ ಮರುದಿನ ಎಣಿಕೆ ಕುಸಿದರೆ ಅದನ್ನು ವಲಸೆಗೆ ಸೇರಿಸುವ ಮುಂಚೆ ಕೆರೆ ಅಂಗಳದಲ್ಲಿ ಒಂದು ಸುತ್ತು ಹಾಕಿ. 2014ರ ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಬಿದ್ದಂಥ ಆಲಿಕಲ್ಲಿಗೆ ತೆರೆದ ನೀರಿನಲ್ಲಿ ಕೂತ ಹಕ್ಕಿಗೆ ಮರೆ ಎಂಬುದೇ ಇರುವುದಿಲ್ಲ.

ಏಪ್ರಿಲ್‌ನಲ್ಲೂ ಕೆರೆಯಲ್ಲಿ ಒಂದೋ ಎರಡೋ ಹೆಬ್ಬಾತು ಉಳಿದಿದ್ದರೆ ಸ್ವಲ್ಪ ಹೊತ್ತು ಕೂತು ನೋಡಿ. ಒಂದು ರೆಕ್ಕೆಯ ತುದಿ ಇನ್ನೊಂದಕ್ಕಿಂತ ಕೆಳಗೆ ಜೋತಿರುತ್ತದೆ, ಇಲ್ಲವೇ ಓಡಿ ಎದ್ದರೂ ಏರಿಯ ಎತ್ತರ ದಾಟಲಾರದು. ತಂತಿಗೋ ನಾಯಿಗೋ ಸಿಕ್ಕಿದ್ದು. ಅದನ್ನು ‘ತಡವಾಗಿ ಹೊರಟವು’ ಎಂಬ ಸಾಲಿನಲ್ಲಿ ಬರೆಯಬಾರದು.